ಟೇಕ್‌ಡೌನ್ ನೋಟಿಸ್‌ಗೆ ಹೋಸ್ಟ್ ಜಪ್ಪಯ್ಯ ಅನ್ನದಿದ್ದರೆ: ಹಂತ ಹಂತದ ಮಾರ್ಗದರ್ಶಿ

ನೀವು ತೆಗೆದ ಫೋಟೋ, ಬರೆದ ಪುಸ್ತಕ, ಮಾಡಿದ ಪಾಠದ ವಿಡಿಯೋ ಯಾರದೋ ಸೈಟಿನಲ್ಲಿ ಕೂತಿದೆ. ಆ ಸೈಟಿನ ಫೈಲುಗಳನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಗೆ (ಹೋಸ್ಟ್‌ಗೆ) ಇದನ್ನು ತೆಗೆಯಿರಿ ಅಂತ ಟೇಕ್‌ಡೌನ್ ನೋಟಿಸ್ ಕಳಿಸಿದ್ದೀರಿ. ಹದಿನೈದು ದಿನ ಆಯ್ತು. ಉತ್ತರವೂ ಇಲ್ಲ, ಪುಟವೂ ಹೋಗಿಲ್ಲ. ಮತ್ತೆ ಅದೇ ನೋಟಿಸ್ ಅದೇ ವಿಳಾಸಕ್ಕೆ ಕಳಿಸುತ್ತೀರಿ. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಇಂಥ ನೋಟಿಸ್ ತೋರಿಸಿ "ಇವರು ಉತ್ತರಾನೇ ಕೊಡ್ತಿಲ್ಲ, ಏನು ಮಾಡೋದು?" ಎಂದು ನನ್ನನ್ನು ಕೇಳುವವರು ತುಂಬ ಜನ. ಓದಿ ನೋಡಿದರೆ ಎಷ್ಟೋ ನೋಟಿಸ್‌ಗಳು ನಿಜವಾದ ಹೋಸ್ಟ್ ಕೈಗೆ ತಲುಪಿಯೇ ಇರುವುದಿಲ್ಲ. ತಲುಪಿದ್ದರೂ ಇರಲೇಬೇಕಾದ ಒಂದು ಸಾಲು ಬಿಟ್ಟುಹೋಗಿರುತ್ತದೆ. ಬೇಕಂತಲೇ ಕಡೆಗಣಿಸುವ ಹೋಸ್ಟ್‌ಗಳೂ ಇವೆ, ನಿಜ. ಆದರೆ ಅವರ ವಿಷಯದಲ್ಲಿ ಹಿಡಿಯಬೇಕಾದ ದಾರಿಯೇ ಬೇರೆ. ನಿಮ್ಮ ಎದುರಿಗಿರುವವರು ಯಾವ ಥರದವರು ಅಂತ ಗೊತ್ತಾಗಬೇಕಾದರೆ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಹಂತಗಳನ್ನು ಹಾರಿದರೆ ಮುಂದೆ ಇನ್ನೊಬ್ಬರ ಬಾಗಿಲು ತಟ್ಟುವಾಗ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

## ಬೇಕಾದ ಸಾಮಾನು

ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಒಂದು ಸ್ಪ್ರೆಡ್‌ಶೀಟ್, ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆಯುವ ಸೌಲಭ್ಯ, ಕಂಪ್ಯೂಟರಿನಲ್ಲಿ ಕಮಾಂಡ್ ಕೊಡುವ ಕಿಟಕಿ (ಕಮಾಂಡ್ ಪ್ರಾಂಪ್ಟ್ ಅಥವಾ ಟರ್ಮಿನಲ್), ಇಷ್ಟು ಸಾಕು. ಜೊತೆಗೆ ಈ ಕೆಲಸಕ್ಕಂತಲೇ ಒಂದು ಹೊಸ ಇಮೇಲ್ ಖಾತೆ ತೆರೆಯಿರಿ. ಯಾಕೆ ಅಂದರೆ ನೀವು ಕಳಿಸುವ ನೋಟಿಸನ್ನು ಹೋಸ್ಟ್ ಸಾಮಾನ್ಯವಾಗಿ ಕದ್ದವರಿಗೇ ದಾಟಿಸುತ್ತದೆ. ನೀವು ದಿನಾ ಬಳಸುವ ವಿಳಾಸ, ಮನೆ ವಿಳಾಸ, ಫೋನ್ ನಂಬರ್ ಅವರ ಕೈ ಸೇರುವುದು ಬೇಡ. ಅಂಚೆಪೆಟ್ಟಿಗೆ ಸಂಖ್ಯೆ ಅಥವಾ ಆಫೀಸಿನ ವಿಳಾಸ ಇದ್ದರೆ ಅದನ್ನೇ ಕೊಡಿ.

## ಹಂತ 1: ಏನೂ ಕಳಿಸುವ ಮೊದಲು ಸಾಕ್ಷ್ಯ ಎತ್ತಿಟ್ಟುಕೊಳ್ಳಿ

ನೋಟಿಸ್ ಮುಟ್ಟಿದ ತಕ್ಷಣ ಕೆಲವರು ಪುಟವನ್ನು ಬೇರೆ ಲಿಂಕಿಗೆ ಸರಿಸುತ್ತಾರೆ. ಆಮೇಲೆ "ಅಂಥದ್ದು ಇಲ್ಲಿ ಇರಲೇ ಇಲ್ಲ" ಅನ್ನುತ್ತಾರೆ. ಅದಕ್ಕೇ ಸಾಕ್ಷ್ಯ ಮೊದಲು.

ಪುಟದ ಪೂರ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲಿನ ವಿಳಾಸ ಪಟ್ಟಿ ಮತ್ತು ದಿನಾಂಕ ಕಾಣಬೇಕು. ಪುಟವನ್ನು ಪಿಡಿಎಫ್ ಆಗಿಯೂ ಉಳಿಸಿ. ಹೊರಗಿನವರೊಬ್ಬರ ಬಳಿಯೂ ಪ್ರತಿ ಇರಲಿ ಅಂತ, ವೆಬ್ ಪುಟಗಳ ಪ್ರತಿ ಕೂಡಿಡುವ ವೇಬ್ಯಾಕ್ ಮೆಷಿನ್ ಸೈಟಿನಲ್ಲಿ ಆ ಪುಟವನ್ನು ಸೇವ್ ಮಾಡಿಸಿ. ಇಲ್ಲೊಂದು ಎಚ್ಚರಿಕೆ. ಕದ್ದ ಮಾಲು ಪಿಡಿಎಫ್ ಪುಸ್ತಕವಾಗಿದ್ದರೆ ಆ ಫೈಲಿನ ನೇರ ಲಿಂಕನ್ನು ಅಲ್ಲಿಗೆ ಕೊಡಬೇಡಿ. ಕೊಟ್ಟರೆ ನಿಮ್ಮ ಪುಸ್ತಕದ ಇನ್ನೊಂದು ಪ್ರತಿ ಜಗತ್ತಿಗೆಲ್ಲ ಸಿಗುವಂತೆ ನೀವೇ ಮಾಡಿದ ಹಾಗಾಗುತ್ತದೆ. ಆ ಫೈಲಿಗೆ ಲಿಂಕ್ ಇರುವ ಪುಟವನ್ನು ಮಾತ್ರ ಉಳಿಸಿ.

ಲಿಂಕ್ ಬರೆದುಕೊಳ್ಳುವಾಗ ಎರಡು ವಿಳಾಸ ಬೇಕು. ಒಂದು ಪುಟದ್ದು, ಇನ್ನೊಂದು ಫೈಲಿನದ್ದು. ಫೋಟೋ ಮೇಲೆ ಬಲಗುಂಡಿ ಒತ್ತಿ ಅದನ್ನು ಹೊಸ ಟ್ಯಾಬಿನಲ್ಲಿ ತೆರೆದರೆ ಫೈಲಿನ ವಿಳಾಸ ಬೇರೆಯೇ ಇರುವುದು ಕಾಣುತ್ತದೆ. ಪುಟದ ವಿಳಾಸ ಮಾತ್ರ ಕೊಟ್ಟರೆ ಪುಟ ಅಳಿಸಿಹೋಗುತ್ತದೆ, ಫೋಟೋ ಸರ್ವರ್‌ನಲ್ಲಿ ಹಾಗೇ ಉಳಿದು ಸರ್ಚ್‌ನಲ್ಲಿ ಕಾಣುತ್ತಲೇ ಇರುತ್ತದೆ. ಇನ್ನು ಕೆಲವು ಸಲ ಪುಟ ಒಂದು ಕಂಪನಿಯಲ್ಲಿ, ಫೈಲ್ ಇನ್ನೊಂದರಲ್ಲಿ ಇರುತ್ತದೆ. ಆಗ ನೋಟಿಸ್ ಎರಡು ಕಡೆ ಹೋಗಬೇಕು.

ನಿಮ್ಮ ಕಡೆಯ ದಾಖಲೆಯನ್ನೂ ಜೋಡಿಸಿಕೊಳ್ಳಿ: ಮೂಲ ಫೈಲ್, ಮೊದಲು ಪ್ರಕಟವಾದ ದಿನಾಂಕ, ಪ್ರಕಾಶಕರ ಜೊತೆಗಿನ ಒಪ್ಪಂದ. ಫೋಟೋ ಆದರೆ ಕ್ಯಾಮೆರಾದಿಂದ ಬಂದ ಕತ್ತರಿಸದ ಫೈಲಿಗಿಂತ ಒಳ್ಳೆ ಸಾಕ್ಷಿ ಇಲ್ಲ.

## ಹಂತ 2: ಹಕ್ಕು ನಿಮ್ಮದೇ ಅಂತ ಖಚಿತ ಮಾಡಿಕೊಳ್ಳಿ

ಕೆಲಸ ನಿಮ್ಮದಾದರೂ ಹಕ್ಕು ನಿಮ್ಮದಾಗಿರಬೇಕು ಅಂತೇನಿಲ್ಲ. ಸಂಬಳಕ್ಕಿದ್ದಾಗ ಮಾಡಿದ್ದು, ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟದ್ದು, ಬೇರೆಯವರೂ ಬಳಸಲಿ ಅಂತ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ನೀವೇ ಬಿಟ್ಟದ್ದು, ಇವೆಲ್ಲ ಬೇರೆ ಬೇರೆ. ವಿಮರ್ಶೆಗಾಗಿ ನಾಲ್ಕು ಸಾಲು ಎತ್ತಿಕೊಂಡಿದ್ದರೆ ಅದು ಬಹುತೇಕ ನ್ಯಾಯವಾದ ಬಳಕೆಯೇ (ಫೇರ್ ಯೂಸ್). ಅಮೆರಿಕದಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು: ನೋಟಿಸ್ ಕಳಿಸುವ ಮೊದಲು ಫೇರ್ ಯೂಸ್ ಆಗುತ್ತದೋ ಇಲ್ಲವೋ ಅಂತ ಯೋಚಿಸಲೇಬೇಕು. ಗೊತ್ತಿದ್ದೂ ಸುಳ್ಳು ನೋಟಿಸ್ ಕೊಟ್ಟರೆ ಅಲ್ಲಿನ ಕಾಪಿರೈಟ್ ಕಾನೂನಿನ 512ನೇ ಸೆಕ್ಷನ್ನಿನ ಎಫ್ ಉಪವಿಭಾಗದ ಪ್ರಕಾರ ನೀವೇ ಪರಿಹಾರ ತೆರಬೇಕಾಗಬಹುದು.

## ಹಂತ 3: ನಿಜವಾದ ಹೋಸ್ಟ್ ಯಾರು ಅಂತ ಹುಡುಕಿ

ಜನ ಅತಿ ಹೆಚ್ಚು ಎಡವುವ ಹಂತ ಇದು. ನಾನೂ ಇಲ್ಲೇ ಮೂರು ವಾರ ಕಳೆದಿದ್ದೇನೆ. ನನ್ನ ಅಭ್ಯಾಸ ಪುಸ್ತಕವೊಂದರ ಪಿಡಿಎಫ್ ಒಂದು ಡೌನ್‌ಲೋಡ್ ಸೈಟಿನಲ್ಲಿತ್ತು. ಡೊಮೇನ್ (ಸೈಟಿನ ಹೆಸರು) ದಾಖಲೆಯಲ್ಲಿ ಕಂಡ ಕಂಪನಿಗೆ ಮೂರು ನೋಟಿಸ್ ಕಳಿಸಿದೆ. ಆ ಕಂಪನಿ ಡೊಮೇನ್ ಹೆಸರು ಮಾರಿದ್ದಷ್ಟೇ. ಫೈಲ್ ಇದ್ದದ್ದು ಬೇರೆ ದೇಶದ ಸರ್ವರ್‌ನಲ್ಲಿ. ಸರಿಯಾದ ಕಡೆಗೆ ನೋಟಿಸ್ ಹೋದ ಮರುದಿನವೇ ಫೈಲ್ ಇಳಿಯಿತು.

ಒಂದು ಸೈಟಿನ ಹಿಂದೆ ಎಷ್ಟು ಜನ ಇರುತ್ತಾರೆ ನೋಡಿ. ಹೆಸರು ಮಾರಿದ ರಿಜಿಸ್ಟ್ರಾರ್. ಹೆಸರನ್ನು ಐಪಿ ವಿಳಾಸಕ್ಕೆ, ಅಂದರೆ ಸರ್ವರ್‌ನ ಅಂಕಿಯ ವಿಳಾಸಕ್ಕೆ, ಜೋಡಿಸುವ ಡಿಎನ್‌ಎಸ್ ಸೇವೆ. ಪುಟಗಳನ್ನು ನೋಡುವವರಿಗೆ ದಾಟಿಸುತ್ತ ನಡುವೆ ಪರದೆಯಂತೆ ನಿಲ್ಲುವ ಸಿಡಿಎನ್ ಸೇವೆ. ಅದರ ಹಿಂದೆ ನಿಜವಾದ ಸರ್ವರ್. ಆ ಸರ್ವರನ್ನು ಬಾಡಿಗೆಗೆ ಪಡೆದು ಚಿಲ್ಲರೆಯಾಗಿ ಮಾರುವ ರೀಸೆಲ್ಲರ್. ಎಲ್ಲಕ್ಕೂ ಇಂಟರ್ನೆಟ್ ಸಂಪರ್ಕ ಕೊಡುವ ಮೇಲಿನ ಜಾಲ. ಇವರಲ್ಲಿ ಫೈಲ್ ಅಳಿಸುವ ಶಕ್ತಿ ಇರುವುದು ಸೈಟಿನ ಮಾಲೀಕರಿಗೆ ಮತ್ತು ಹೋಸ್ಟ್‌ಗೆ. ಮಿಕ್ಕವರು ಹೆಚ್ಚೆಂದರೆ ತಮ್ಮ ಸೇವೆ ನಿಲ್ಲಿಸಬಹುದು.

ಹುಡುಕುವ ಕ್ರಮ ಹೀಗೆ:

1. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ (ಹುಡುಕಾಟ) ಪುಟದಲ್ಲಿ ಡೊಮೇನ್ ಹೆಸರು ಹಾಕಿ. ರಿಜಿಸ್ಟ್ರಾರ್ ಯಾರು, ಅವರ ದೂರು ವಿಳಾಸ ಯಾವುದು, ನೇಮ್‌ಸರ್ವರ್ (ಡಿಎನ್‌ಎಸ್ ಸೇವೆಯ ಸರ್ವರ್) ಯಾವುದು ಅಂತ ಬರುತ್ತದೆ. ಹಳೆಯ ಮಾರ್ಗದರ್ಶಿಗಳು ಹೂಈಸ್ ಎಂಬ ಡೊಮೇನ್ ದಾಖಲೆ ಸೇವೆ ನೋಡಿ ಅನ್ನುತ್ತವೆ. ಡಾಟ್ ಕಾಮ್‌ನಂಥ ಸಾಮಾನ್ಯ ಡೊಮೇನ್‌ಗಳಿಗೆ 2025ರ ಜನವರಿ 28ರಿಂದ ಅದರ ಜಾಗಕ್ಕೆ ಆರ್‌ಡಿಎಪಿ ಎಂಬ ಹೊಸ ಸೇವೆ ಬಂದಿದೆ. ಐಕ್ಯಾನ್ ಪುಟ ಅದನ್ನೇ ಬಳಸುತ್ತದೆ.

2. ಕಮಾಂಡ್ ಕಿಟಕಿಯಲ್ಲಿ ಎನ್‌ಎಸ್‌ಲುಕಪ್ (ಇಂಗ್ಲಿಷಿನಲ್ಲಿ nslookup) ಎಂದು ಬರೆದು, ಜಾಗ ಬಿಟ್ಟು, ಡೊಮೇನ್ ಹೆಸರು ಕೊಡಿ. ಐಪಿ ವಿಳಾಸ ಸಿಗುತ್ತದೆ. ಫೈಲ್ ಬೇರೆ ಡೊಮೇನಿನಲ್ಲಿದ್ದರೆ ಅದಕ್ಕೂ ಇದನ್ನೇ ಮಾಡಿ.

3. ಆ ಐಪಿ ವಿಳಾಸ ಯಾರದು ಅಂತ ನೋಡಿ. ಐಪಿ ವಿಳಾಸ ಹಂಚುವ ಪ್ರಾದೇಶಿಕ ಸಂಸ್ಥೆಗಳು ಐದು: ಎಆರ್‌ಐಎನ್, ಆರ್‌ಐಪಿಇ, ಎಪಿನಿಕ್, ಲ್ಯಾಕ್‌ನಿಕ್, ಆಫ್ರಿನಿಕ್. ಯಾವುದರ ಹುಡುಕಾಟ ಪುಟದಲ್ಲಿ ಹಾಕಿದರೂ ಸರಿಯಾದ ಸಂಸ್ಥೆ ಯಾವುದು ಅಂತ ಗೊತ್ತಾಗುತ್ತದೆ. ಅಲ್ಲಿ ಬರುವ ಕಂಪನಿ ಹೆಸರು, ದೂರು ವಿಳಾಸ, ಆ ಜಾಲವನ್ನು ಗುರುತಿಸುವ ಎಎಸ್ ಸಂಖ್ಯೆ ಮೂರನ್ನೂ ಬರೆದಿಡಿ.

4. ಅಲ್ಲಿ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ ಕಂಪನಿಯ ಹೆಸರು ಬಂದರೆ ನಿಲ್ಲಿ. ಅದು ಬಹುತೇಕ ಪರದೆ, ಹಿಂದಿನ ಸರ್ವರ್ ಬೇರೆ. ಅವರ ದೂರು ಫಾರಂ ತುಂಬಿ. ನಡುವೆ ನಿಂತು ದಾಟಿಸುವ ಸೇವೆ ಮಾತ್ರ ಕೊಡುತ್ತಿದ್ದರೆ ಕ್ಲೌಡ್‌ಫ್ಲೇರ್ ದೂರನ್ನು ಹೋಸ್ಟ್‌ಗೆ ಮತ್ತು ಸೈಟಿನವರಿಗೆ ಕಳಿಸುತ್ತದೆ, ಹಿಂದಿನ ಹೋಸ್ಟ್ ಯಾರು ಅಂತ ನಿಮಗೂ ತಿಳಿಸುತ್ತದೆ. "ನಾವು ಹೋಸ್ಟ್ ಅಲ್ಲ" ಎಂಬ ಆ ಇಮೇಲನ್ನು ಓದಿ ಎಷ್ಟೋ ಜನ ಬೇಜಾರಾಗಿ ಮುಚ್ಚಿಬಿಡುತ್ತಾರೆ. ನಿಮಗೆ ಬೇಕಿದ್ದ ಹೆಸರು ಅದೇ ಇಮೇಲಿನ ಕೆಳಗಿನ ಸಾಲುಗಳಲ್ಲಿ ಇರುತ್ತದೆ. ಕೊನೆವರೆಗೂ ಓದಿ.

## ಹಂತ 4: ನೋಟಿಸ್‌ನಲ್ಲಿ ಒಂದೂ ಕೊರತೆ ಇಲ್ಲದಂತೆ ಬರೆಯಿರಿ

ಜಗತ್ತಿನ ಹೆಚ್ಚಿನ ಹೋಸ್ಟ್‌ಗಳಿಗೆ ಪರಿಚಯವಿರುವ ನಮೂನೆ ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಆಕ್ಟ್) ಕಾನೂನಿನದು. ಬೇರೆ ದೇಶದ ಹೋಸ್ಟ್ ಆದರೂ ಇದೇ ನಮೂನೆಯಲ್ಲಿ ಬರೆದರೆ ಕೆಲಸ ಸಲೀಸು. ಕಾನೂನು ಕೇಳುವುದು ಆರು ಅಂಶ:

- ಹಕ್ಕುದಾರರ ಅಥವಾ ಅವರ ಪರವಾಗಿ ಬರೆಯುವವರ ಸಹಿ. ಪೂರ್ತಿ ಹೆಸರನ್ನು ಟೈಪ್ ಮಾಡಿದರೂ ಎಲೆಕ್ಟ್ರಾನಿಕ್ ಸಹಿ ಅಂತ ಒಪ್ಪುತ್ತಾರೆ.
- ಕದ್ದದ್ದು ಯಾವ ಕೃತಿ ಎಂಬ ಗುರುತು.
- ಕದ್ದ ಪ್ರತಿ ಎಲ್ಲಿದೆ ಎಂಬ ನಿಖರ ವಿಳಾಸ.
- ನಿಮ್ಮನ್ನು ಸಂಪರ್ಕಿಸುವ ವಿಳಾಸ, ಫೋನ್, ಇಮೇಲ್.
- ಈ ಬಳಕೆಗೆ ಹಕ್ಕುದಾರರ, ಅವರ ಏಜೆಂಟರ ಅಥವಾ ಕಾನೂನಿನ ಅನುಮತಿ ಇಲ್ಲವೆಂದು ಸದ್ಭಾವನೆಯಿಂದ ನಂಬಿದ್ದೇನೆ ಎಂಬ ಹೇಳಿಕೆ.
- ನೋಟಿಸ್‌ನಲ್ಲಿರುವ ಮಾಹಿತಿ ಸರಿಯಾಗಿದೆ ಮತ್ತು ಹಕ್ಕುದಾರರ ಪರವಾಗಿ ದೂರು ಕೊಡುವ ಅಧಿಕಾರ ನನಗಿದೆ, ಇದು ಸುಳ್ಳಾದರೆ ಸುಳ್ಳುಸಾಕ್ಷ್ಯದ ಶಿಕ್ಷೆಗೆ ಗುರಿಯಾಗುತ್ತೇನೆ ಎಂಬ ಹೇಳಿಕೆ.

ಬಿಟ್ಟುಹೋಗುವುದು ಬಹುತೇಕ ಕೊನೆಯ ಎರಡು. ಜನ ತಮಗಾದ ನೋವನ್ನು ಎರಡು ಪುಟ ಬರೆಯುತ್ತಾರೆ, ಈ ಎರಡು ಸಾಲು ಬರೆಯುವುದಿಲ್ಲ. ದೂರು ವಿಭಾಗದಲ್ಲಿ ಕೂತವರು ನಮೂನೆಯಲ್ಲಿ ಇರಬೇಕಾದ್ದು ಇದೆಯೋ ಇಲ್ಲವೋ ಅಂತ ನೋಡುತ್ತಾರೆ. ಇಲ್ಲದಿದ್ದರೆ ಟಿಕೆಟ್ (ನಿಮ್ಮ ದೂರಿನ ಕಡತ) ಮುಚ್ಚುತ್ತಾರೆ. ಎಷ್ಟೋ ಸಲ ಅದನ್ನು ನಿಮಗೆ ಹೇಳುವುದೂ ಇಲ್ಲ.

ವಿಳಾಸದ ವಿಷಯದಲ್ಲಿ ಹೇಗೆ ಬರೆಯಬೇಕು ಅಂತ ಹತ್ತಿರದಿಂದ ತೋರಿಸುತ್ತೇನೆ. "ನಿಮ್ಮ ಗ್ರಾಹಕರ ಸೈಟಿನಲ್ಲಿ ನನ್ನ ತುಂಬ ಫೋಟೋಗಳಿವೆ, ಎಲ್ಲ ತೆಗೆಯಿರಿ" ಅಂತ ಬರೆದರೆ ಏನೂ ಆಗುವುದಿಲ್ಲ. ಹೀಗೆ ಬರೆಯಿರಿ:

"ಮೂಲ ಕೃತಿ 1: ಕೆರೆಯ ದಂಡೆಯಲ್ಲಿ ಎರಡು ಕೊಕ್ಕರೆಗಳ ಫೋಟೋ. ಮೊದಲು ಪ್ರಕಟವಾದದ್ದು ನನ್ನ ಸೈಟಿನ ಈ ಪುಟದಲ್ಲಿ, ಈ ದಿನಾಂಕದಂದು. ಕದ್ದ ಪ್ರತಿ ಇರುವ ಪುಟ: ಈ ಲಿಂಕ್. ಫೋಟೋ ಫೈಲಿನ ನೇರ ವಿಳಾಸ: ಈ ಲಿಂಕ್. ಈ ಪುಟ ತೆರೆದಾಗ ಸಿಕ್ಕ ಐಪಿ ವಿಳಾಸ: ಇದು. ನೋಡಿದ ಸಮಯ: ಈ ದಿನಾಂಕ, ಇಷ್ಟು ಗಂಟೆ, ಯುಟಿಸಿ."

ಹತ್ತು ಫೋಟೋ ಇದ್ದರೆ ಹತ್ತು ಸಲ ಹೀಗೇ ಬರೆಯಿರಿ. ಯುಟಿಸಿ ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕ. ಐಪಿ ಮತ್ತು ಸಮಯ ಬರೆಯುವುದು ಕಾನೂನು ಕೇಳಿದ್ದಲ್ಲ. ಆದರೆ ಹೋಸ್ಟ್ ತಮ್ಮ ಸಾವಿರಾರು ಗ್ರಾಹಕರಲ್ಲಿ ಇವರು ಯಾರು ಅಂತ ಹುಡುಕಲು ಅದೇ ಬೇಕು.

ಇನ್ನೊಂದು ಸಾಲು ಸೇರಿಸಿ. ಹೆಚ್ಚಿನ ಹೋಸ್ಟ್‌ಗಳ ಬಳಕೆಯ ನಿಯಮಗಳಲ್ಲಿ ಕಾಪಿರೈಟ್ ಉಲ್ಲಂಘನೆ ಮಾಡಬಾರದು ಅಂತ ಇರುತ್ತದೆ. ಆ ಕಲಮು ಹುಡುಕಿ, ಅದರ ಸಂಖ್ಯೆ ಹಾಕಿ, "ನಿಮ್ಮದೇ ಈ ನಿಯಮವನ್ನು ನಿಮ್ಮ ಗ್ರಾಹಕರು ಮುರಿದಿದ್ದಾರೆ" ಎಂದು ಬರೆಯಿರಿ. ಡಿಎಂಸಿಎ ನಮಗೆ ಅನ್ವಯಿಸುವುದಿಲ್ಲ ಅನ್ನುವ ಹೋಸ್ಟ್ ಕೂಡ ತಮ್ಮದೇ ನಿಯಮ ನಮಗೆ ಅನ್ವಯಿಸುವುದಿಲ್ಲ ಅನ್ನಲಾರರು.

ಭಾಷೆ ಹೋಸ್ಟ್‌ನವರಿಗೆ ಬರುವ ಭಾಷೆಯಾಗಿರಲಿ. ಇಮೇಲ್ ಸಾದಾ ಅಕ್ಷರದಲ್ಲಿ ಇರಲಿ. ಗುರುತಿಲ್ಲದವರು ಲಗತ್ತಿಸಿದ ಫೈಲನ್ನು ದೂರು ವಿಭಾಗದವರು ತೆರೆಯಲು ಹಿಂಜರಿಯುತ್ತಾರೆ. ಹಾಗಾಗಿ ಎಲ್ಲವನ್ನೂ ಇಮೇಲಿನ ಒಳಗೇ ಬರೆಯಿರಿ. ಸ್ಕ್ರೀನ್‌ಶಾಟ್ ಕೇಳಿದರೆ ಕೊಡುತ್ತೇನೆ ಅಂದರೆ ಸಾಕು. ಬೈಗುಳ, ಬೆದರಿಕೆ ಬೇಡ. ಈ ಕಾಗದವನ್ನು ಮುಂದೊಂದು ದಿನ ನ್ಯಾಯಾಲಯದಲ್ಲಿ ಯಾರಾದರೂ ಓದಬಹುದು ಅಂತ ನೆನಪಿಟ್ಟು ಬರೆಯಿರಿ.

## ಹಂತ 5: ಸರಿಯಾದ ಬಾಗಿಲಿಗೆ ಕಳಿಸಿ

ಅಮೆರಿಕದ ಹೋಸ್ಟ್ ಆದರೆ ಅಲ್ಲಿನ ಕಾಪಿರೈಟ್ ಆಫೀಸಿನ ಆನ್‌ಲೈನ್ ಪಟ್ಟಿಯಲ್ಲಿ ನೋಟಿಸ್ ತೆಗೆದುಕೊಳ್ಳಲು ಅವರು ನೇಮಿಸಿದ ಏಜೆಂಟ್ ಯಾರು ಅಂತ ನೋಡಿ. ಗ್ರಾಹಕರು ಕದ್ದದ್ದಕ್ಕೆ ತಾನು ಪರಿಹಾರ ತೆರಬೇಕಾಗದಂತೆ ಕಾನೂನಿನ ರಕ್ಷಣೆ ಬೇಕಾದರೆ ಹೋಸ್ಟ್ ಅಲ್ಲಿ ಹೆಸರು ನೋಂದಾಯಿಸಿ, 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಥವಾ ಅವಧಿ ಮುಗಿದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ವಕೀಲರ ಬಳಿ ಹೋದಾಗ ಅದಕ್ಕೆ ಬೆಲೆ ಇದೆ.

ಸಹಾಯವಾಣಿ ಚಾಟ್, ಮಾರಾಟ ವಿಭಾಗದ ಇಮೇಲ್, ಸಾಮಾಜಿಕ ಜಾಲತಾಣದ ಖಾತೆ, ಇವುಗಳಿಗೆ ಕಳಿಸಿದ್ದು ನೋಟಿಸ್ ಲೆಕ್ಕಕ್ಕೆ ಬರುವುದಿಲ್ಲ. ಅವರ ಬಳಿ ಫಾರಂ ಇದ್ದರೆ ಫಾರಂ ತುಂಬಿ, ಅದೇ ಪಠ್ಯವನ್ನು ಏಜೆಂಟ್ ಇಮೇಲಿಗೂ ಕಳಿಸಿ. ತಕ್ಷಣ ತಾನಾಗಿ ಬರುವ ಉತ್ತರವನ್ನು ಗಮನವಿಟ್ಟು ಓದಿ. "ಈ ವಿಳಾಸವನ್ನು ನಾವು ನೋಡುವುದಿಲ್ಲ, ಫಾರಂ ಬಳಸಿ" ಅಥವಾ "ಇಲ್ಲಿ ಒತ್ತಿ ದೃಢಪಡಿಸಿ" ಅಂತ ಅದರಲ್ಲಿ ಇರಬಹುದು. ಒತ್ತದಿದ್ದರೆ ನಿಮ್ಮ ದೂರು ಅಲ್ಲೇ ಸಾಯುತ್ತದೆ. ಸ್ಪ್ಯಾಮ್ ಪೆಟ್ಟಿಗೆಯನ್ನೂ ದಿನಾ ನೋಡಿ.

ಈಗ ಸ್ಪ್ರೆಡ್‌ಶೀಟ್ ಕೆಲಸಕ್ಕೆ ಬರುತ್ತದೆ. ಕಳಿಸಿದ ದಿನ, ಯಾರಿಗೆ, ಯಾವ ಲಿಂಕ್‌ಗಳು, ಟಿಕೆಟ್ ಸಂಖ್ಯೆ, ಉತ್ತರ ಬಂದ ದಿನ, ಪುಟದ ಸ್ಥಿತಿ. ಒಂದು ಸಾಲನ್ನೂ ತಪ್ಪಿಸಬೇಡಿ.

## ಹಂತ 6: ಎಷ್ಟು ದಿನ ಕಾಯಬೇಕು, ಯಾವಾಗ "ಕಡೆಗಣಿಸಿದರು" ಅನ್ನಬಹುದು

ಇದು ದೇಶದ ಮೇಲೆ ಹೋಗುತ್ತದೆ. ಡಿಎಂಸಿಎಯಲ್ಲಿ ದಿನದ ಲೆಕ್ಕ ಇಲ್ಲ, ತ್ವರಿತವಾಗಿ ತೆಗೆಯಬೇಕು ಅಂತಷ್ಟೇ ಇದೆ. ಭಾರತದಲ್ಲಿ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದ ಪ್ರಕಾರ ಸರಿಯಾದ ಲಿಖಿತ ದೂರು ಬಂದು ಹೋಸ್ಟ್‌ಗೆ ಅದು ಮನವರಿಕೆಯಾದರೆ 36 ಗಂಟೆಯೊಳಗೆ ತಡೆಯಬೇಕು. ಆದರೆ ಆ ತಡೆ 21 ದಿನಕ್ಕೆ. ಅಷ್ಟರಲ್ಲಿ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಮತ್ತೆ ಹಾಕಬಹುದು. ಈ 21 ದಿನದ ಮಾತು ಗೊತ್ತಿಲ್ಲದೆ, ಹೋದ ಪುಟ ವಾಪಸ್ ಬಂದಾಗ ಹೋಸ್ಟ್ ಮೋಸ ಮಾಡಿತು ಅಂದುಕೊಳ್ಳುವವರಿದ್ದಾರೆ.

ಐರೋಪ್ಯ ಒಕ್ಕೂಟದಲ್ಲಿ ಡಿಜಿಟಲ್ ಸರ್ವಿಸಸ್ ಆಕ್ಟ್ 2024ರ ಫೆಬ್ರವರಿ 17ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ಅದರ 16ನೇ ವಿಧಿಯ ಪ್ರಕಾರ ಹೋಸ್ಟ್ ದೂರು ತೆಗೆದುಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಡಬೇಕು, ದೂರು ಬಂತು ಅಂತ ತಿಳಿಸಬೇಕು, ಏನು ತೀರ್ಮಾನಿಸಿದೆವು ಅಂತಲೂ ಹೇಳಬೇಕು. ಹೇಳದಿದ್ದರೆ, ಒಕ್ಕೂಟದಲ್ಲಿ ನೆಲೆಸಿದ ಬಳಕೆದಾರರು ಈ ಕಾನೂನು ನೋಡಿಕೊಳ್ಳುವ ತಮ್ಮ ದೇಶದ ಡಿಜಿಟಲ್ ಸರ್ವಿಸಸ್ ಕೋಆರ್ಡಿನೇಟರ್‌ಗೆ ದೂರು ಕೊಡಬಹುದು. ಕೆನಡಾದಲ್ಲಿ ಲೆಕ್ಕ ಪೂರ್ತಿ ಬೇರೆ. 2015ರ ಜನವರಿಯಿಂದ ಅಲ್ಲಿನ ಹೋಸ್ಟ್ ಮಾಡಬೇಕಾದ್ದು ನೋಟಿಸನ್ನು ಗ್ರಾಹಕರಿಗೆ ದಾಟಿಸುವುದು. ಅದು ಅಳಿಸಲಿಲ್ಲ ಅಂತ ಕೋಪ ಮಾಡಿಕೊಂಡು ಫಲ ಇಲ್ಲ.

ನಾನು ಪಾಲಿಸುವ ಲೆಕ್ಕ ಹೇಳುತ್ತೇನೆ. ಮೊದಲ ನೋಟಿಸ್‌ಗೆ ಏಳು ದಿನ. ಆಮೇಲೆ ಅದೇ ಇಮೇಲ್ ಸರಣಿಯಲ್ಲಿ, ಅದೇ ಟಿಕೆಟ್ ಸಂಖ್ಯೆ ಹಾಕಿ ಎರಡನೇ ಪತ್ರ: "ಇಂಥ ದಿನ ಕಳಿಸಿದ ನೋಟಿಸ್ ನಿಮಗೆ ತಲುಪಿದೆ. ಇಂದು ನೋಡಿದಾಗಲೂ ಪುಟ ಇದೆ. ಇಂಥ ದಿನದೊಳಗೆ ಕ್ರಮ ಕೈಗೊಳ್ಳದಿದ್ದರೆ ನಿಮ್ಮ ಮೇಲಿನ ಸಂಪರ್ಕದಾರರಿಗೆ ತಿಳಿಸುತ್ತೇನೆ." ಇದಕ್ಕೆ ಐದು ದಿನ. ಅಲ್ಲಿಗೂ ಉತ್ತರವಿಲ್ಲದಿದ್ದರೆ ಕಡೆಗಣಿಸಿದರು ಅಂತ ಬರೆದುಕೊಂಡು ಮುಂದೆ ಹೋಗಿ. ಮೂರನೇ, ನಾಲ್ಕನೇ ನೋಟಿಸ್ ಅದೇ ವಿಳಾಸಕ್ಕೆ ಬರೆಯುತ್ತ ಕೂರುವುದು ಕಲ್ಲಿನ ಮೇಲೆ ನೀರು ಸುರಿದ ಹಾಗೆ.

ಕೆಲವು ಕಂಪನಿಗಳು "ಡಿಎಂಸಿಎ ಇಗ್ನೋರ್ಡ್" (ಡಿಎಂಸಿಎ ನೋಟಿಸ್‌ಗಳನ್ನು ಲೆಕ್ಕಿಸುವುದಿಲ್ಲ) ಅಂತ ಜಾಹೀರಾತು ಹಾಕಿಯೇ ಜಾಗ ಮಾರುತ್ತವೆ. ಅವರ ಮುಖಪುಟದಲ್ಲಿ ಆ ಮಾತು ಕಂಡರೆ ಎರಡನೇ ಪತ್ರಕ್ಕೂ ಕಾಯಬೇಡಿ. ಒಂದು ನೋಟಿಸ್ ದಾಖಲೆಗಾಗಿ ಕಳಿಸಿ, ಆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದು ಮುಂದಿನ ಹಂತಕ್ಕೆ ಹೋಗಿ. ಡಿಎಂಸಿಎ ಅಮೆರಿಕದ ಕಾನೂನು ಎಂಬುದು ಸರಿ. ಆದರೆ ಕಾಪಿರೈಟ್ ಕುರಿತ 1886ರ ಬರ್ನ್ ಒಪ್ಪಂದಕ್ಕೆ ಈಗ 180ಕ್ಕೂ ಹೆಚ್ಚು ದೇಶಗಳು ಸೇರಿವೆ. ಆ ದೇಶಗಳಲ್ಲೆಲ್ಲ ನೋಂದಣಿ ಇಲ್ಲದೆಯೂ ನಿಮ್ಮ ಕೃತಿಗೆ ಹಕ್ಕು ಇರುತ್ತದೆ. ಡಿಎಂಸಿಎ ಇಲ್ಲ ಅಂದರೆ ಕಾಪಿರೈಟೇ ಇಲ್ಲ ಅಂತ ಅರ್ಥ ಅಲ್ಲ.

## ಹಂತ 7: ಸರ್ಚ್‌ನಿಂದ ತೆಗೆಸಿ

ಹೋಸ್ಟ್ ಉತ್ತರಕ್ಕೆ ಕಾಯುತ್ತಿರುವಾಗಲೇ ಇದನ್ನು ಶುರು ಮಾಡಬಹುದು. ಗೂಗಲ್‌ಗೆ, ಬಿಂಗ್‌ಗೆ ಬೇರೆ ಬೇರೆ ಕಾಪಿರೈಟ್ ಫಾರಂ ಇದೆ. ನಾಲ್ಕನೇ ಹಂತದಲ್ಲಿ ಬರೆದದ್ದೇ ಇಲ್ಲಿಗೂ ಸಾಕು. ಪುಟ ಅಲ್ಲೇ ಇರುತ್ತದೆ, ಆದರೆ ಹುಡುಕಿದವರಿಗೆ ಸಿಗುವುದಿಲ್ಲ. ಜನ ಸರ್ಚ್ ಮೂಲಕವೇ ಬರುವ ಸೈಟ್ ಆದರೆ ಇದೊಂದೇ ಅರ್ಧ ಯುದ್ಧ ಗೆದ್ದ ಹಾಗೆ. ಒಂದು ಸೈಟಿನ ಬಗ್ಗೆ ಸರಿಯಾದ ದೂರುಗಳು ಜಾಸ್ತಿ ಬಂದರೆ ಆ ಸೈಟನ್ನೇ ಫಲಿತಾಂಶದಲ್ಲಿ ಕೆಳಗೆ ಇಳಿಸುವ ಲೆಕ್ಕವನ್ನು ಗೂಗಲ್ 2012ರ ಆಗಸ್ಟ್‌ನಿಂದ ಇಟ್ಟುಕೊಂಡಿದೆ.

ಗೂಗಲ್ ಈ ನೋಟಿಸ್‌ಗಳ ಪ್ರತಿಯನ್ನು ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಕಳಿಸುತ್ತದೆ. ನಿಮ್ಮ ಹೆಸರು ಅಲ್ಲಿ ಕಾಣಬಹುದು. ಗುಪ್ತನಾಮದಲ್ಲಿ ಬರೆಯುವವರು ಏಜೆಂಟ್ ಅಥವಾ ವಕೀಲರ ಮೂಲಕ ಕಳಿಸುವುದು ಒಳ್ಳೆಯದು.

## ಹಂತ 8: ಒಂದೊಂದೇ ಮೆಟ್ಟಿಲು ಮೇಲೆ ಹೋಗಿ

ಮೊದಲು ರೀಸೆಲ್ಲರ್ ಮೇಲಿನವರು. ಐಪಿ ದಾಖಲೆಯಲ್ಲಿ ಬಂದ ಹೆಸರು ಒಂದು, ಸೈಟಿನವರು ಹಣ ಕೊಡುವ ಕಂಪನಿ ಇನ್ನೊಂದು ಆಗಿರಬಹುದು. ಚಿಕ್ಕ ರೀಸೆಲ್ಲರ್ ಸುಮ್ನೆ ಕೂತರೂ ಸರ್ವರ್ ಯಂತ್ರದ ಮಾಲೀಕರಾದ ದೊಡ್ಡ ಡೇಟಾ ಸೆಂಟರ್ ಸುಮ್ಮನಿರುವುದು ಕಡಿಮೆ. ಅವರಿಗೆ ಕಳಿಸುವಾಗ ಹೊಸದಾಗಿ ಕತೆ ಹೇಳಬೇಡಿ. ಮೂಲ ನೋಟಿಸ್, ಎರಡನೇ ಪತ್ರ, ದಿನಾಂಕಗಳ ಪಟ್ಟಿ, ಇಂದಿನ ಸ್ಕ್ರೀನ್‌ಶಾಟ್ ಇದೆ ಎಂಬ ಮಾತು, ಅವರ ಬಳಕೆ ನಿಯಮದ ಕಲಮು, ಇಷ್ಟು ಸಾಕು.

ಆಮೇಲೆ ಜಾಲ ಸಂಪರ್ಕ ಕೊಡುವವರು. ಬರೆದಿಟ್ಟ ಎಎಸ್ ಸಂಖ್ಯೆಯನ್ನು ಹರಿಕೇನ್ ಎಲೆಕ್ಟ್ರಿಕ್ ಎಂಬ ಜಾಲ ಕಂಪನಿಯ ಬಿಜಿಪಿ ಪುಟದಲ್ಲಿ ಹಾಕಿದರೆ ಆ ಜಾಲಕ್ಕೆ ಯಾರ ಯಾರ ಸಂಪರ್ಕ ಇದೆ ಅಂತ ಕಾಣುತ್ತದೆ. ಇಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಒಂದು ಫೋಟೋಗಾಗಿ ಇಡೀ ಜಾಲದ ಸಂಪರ್ಕ ಯಾರೂ ಕಡಿಯುವುದಿಲ್ಲ. ಒಂದೇ ಹೋಸ್ಟ್ ಬಗ್ಗೆ ಹಲವು ಹಕ್ಕುದಾರರು ದಾಖಲೆ ಸಮೇತ ಬರೆದಾಗ ಮಾತ್ರ ಅವರು ಆ ಹೋಸ್ಟ್‌ನ ಕಿವಿ ಹಿಂಡಬಹುದು. ನಿಮ್ಮಂತೆ ನೊಂದವರು ಇನ್ನಾರಿದ್ದಾರೆ ಅಂತ ಲ್ಯೂಮೆನ್‌ನಲ್ಲಿ ಅದೇ ಡೊಮೇನ್ ಹಾಕಿ ಹುಡುಕಬಹುದು.

ರಿಜಿಸ್ಟ್ರಾರ್‌ಗೂ ಬರೆಯಬಹುದು. ಆದರೆ ಇಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ಒಂದು, ಐಕ್ಯಾನ್‌ಗೆ ದೂರು ಕೊಟ್ಟರೆ ಸೈಟ್ ಮುಚ್ಚಿಸುತ್ತಾರೆ ಎಂಬುದು. ರಿಜಿಸ್ಟ್ರಾರ್‌ಗಳ ಮೇಲೆ 2024ರ ಏಪ್ರಿಲ್ 5ರಿಂದ ಬಂದ ಹೊಸ ಹೊಣೆ ಫಿಶಿಂಗ್, ಮಾಲ್‌ವೇರ್, ಬಾಟ್‌ನೆಟ್‌ನಂಥ ಆನ್‌ಲೈನ್ ವಂಚನೆ, ದಾಳಿಗಳಿಗೆ ಸೇರಿದ್ದು, ಕಾಪಿರೈಟ್ ಅದರಲ್ಲಿ ಇಲ್ಲ. ಎರಡು, ಯುಡಿಆರ್‌ಪಿ (ಡೊಮೇನ್ ಹೆಸರಿನ ವಿವಾದ ತೀರಿಸುವ ವ್ಯವಸ್ಥೆ) ದೂರು ಹಾಕಬಹುದು ಎಂಬುದು. ಅದು ಟ್ರೇಡ್‌ಮಾರ್ಕ್ ಹೆಸರಿನ ಡೊಮೇನ್ ಕಬಳಿಸಿದವರ ವಿರುದ್ಧ. ಅದಕ್ಕೆ ಶುಲ್ಕ ಕಟ್ಟಿ ಹಣ ಕಳೆದುಕೊಳ್ಳಬೇಡಿ.

## ಹಂತ 9: ಹಣ ಬರುವ ದಾರಿ ನೋಡಿ

ಕದ್ದ ಸೈಟುಗಳು ನಡೆಯುವುದು ಜಾಹೀರಾತು ಅಥವಾ ಚಂದಾ ಹಣದಿಂದ. ಪುಟದಲ್ಲಿ ಯಾವ ಕಂಪನಿಯ ಜಾಹೀರಾತು ಬರುತ್ತದೆ, ಹಣ ಕಟ್ಟುವ ಪುಟದಲ್ಲಿ ಯಾರ ಹೆಸರಿದೆ ಅಂತ ನೋಡಿ. ನೋಡಲು ಹೋಗಿ ನಿಜವಾಗಿ ಹಣ ಕಟ್ಟಬೇಡಿ, ಕಾರ್ಡ್ ನಂಬರ್ ಕೊಡಬೇಡಿ. ಪೇಪಾಲ್, ಸ್ಟ್ರೈಪ್‌ನಂಥ ಪಾವತಿ ಕಂಪನಿಗಳಿಗೆ ಹಕ್ಕು ಉಲ್ಲಂಘನೆಯ ದೂರು ಕೊಡುವ ದಾರಿ ಇದೆ. ಹೋಸ್ಟ್ ಎಷ್ಟೇ ಹಠಮಾರಿಯಾದರೂ, ದುಡ್ಡಿನ ಖಾತೆಗೆ ಕುತ್ತು ಬಂದಾಗ ಸೈಟಿನವರೇ ಫೈಲ್ ತೆಗೆದದ್ದನ್ನು ನಾನು ನೋಡಿದ್ದೇನೆ.

## ಹಂತ 10: ಕಾನೂನಿನ ಬಾಗಿಲು

ಇಲ್ಲಿಂದ ಮುಂದೆ ಆ ದೇಶದ ಕಾಪಿರೈಟ್ ಗೊತ್ತಿರುವ ವಕೀಲರ ಜೊತೆ ಒಮ್ಮೆಯಾದರೂ ಮಾತಾಡಿ. ಹೋಗುವ ಮೊದಲು ನಿಮಗೇ ಗೊತ್ತಿರಬೇಕಾದ್ದು ಇಷ್ಟು.

ನೋಟಿಸ್ ಕಡೆಗಣಿಸಿದ ಮಾತ್ರಕ್ಕೆ ಹೋಸ್ಟ್ ತಪ್ಪಿತಸ್ಥ ಆಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಅದು ಕಳೆದುಕೊಳ್ಳುವುದು ತನ್ನ ರಕ್ಷಣೆಯನ್ನು. ಆಮೇಲೆ ಉಲ್ಲಂಘನೆಗೆ ಹೊಣೆ ಅಂತ ನ್ಯಾಯಾಲಯದಲ್ಲಿ ನೀವೇ ಸಾಬೀತು ಮಾಡಬೇಕು. ಅದಕ್ಕೆ ಬೇಕಾದದ್ದು ನೀವು ಇಷ್ಟು ದಿನ ತುಂಬಿದ ಸ್ಪ್ರೆಡ್‌ಶೀಟ್.

ಕದ್ದವರು ಯಾರು ಅಂತಲೇ ಗೊತ್ತಿಲ್ಲದಿದ್ದರೆ 512ನೇ ಸೆಕ್ಷನ್ನಿನ ಎಚ್ ಉಪವಿಭಾಗದಲ್ಲಿ ದಾರಿ ಇದೆ. ಪೂರ್ತಿ ಮೊಕದ್ದಮೆ ಹೂಡದೆಯೇ ಅಮೆರಿಕದ ಜಿಲ್ಲಾ ನ್ಯಾಯಾಲಯದಿಂದ ಸಬ್‌ಪೀನಾ (ಮಾಹಿತಿ ಕೊಡಬೇಕೆಂಬ ಆದೇಶ) ತಂದು ಗ್ರಾಹಕರ ಗುರುತು ಕೊಡಿ ಅಂತ ಹೋಸ್ಟನ್ನು ಕೇಳಬಹುದು. ಅದಕ್ಕೆ ಸರಿಯಾದ ನೋಟಿಸ್‌ನ ಪ್ರತಿ ಬೇಕೇ ಬೇಕು. ಸಿಗುವ ಹೆಸರು ಸುಳ್ಳಾಗಿರಲೂಬಹುದು, ಅದಕ್ಕೂ ಸಿದ್ಧರಾಗಿರಿ.

ಹೋಸ್ಟ್ ಅಮೆರಿಕದಲ್ಲಿದ್ದು ನಷ್ಟ ಚಿಕ್ಕದಾಗಿದ್ದರೆ, ಚಿಕ್ಕ ಕಾಪಿರೈಟ್ ವ್ಯಾಜ್ಯ ತೀರಿಸುವ ಅಲ್ಲಿನ ಕಾಪಿರೈಟ್ ಕ್ಲೇಮ್ಸ್ ಬೋರ್ಡ್ ನೋಡಿ. 2022ರ ಜೂನ್‌ನಲ್ಲಿ ಶುರುವಾದ ಇಲ್ಲಿ ಒಟ್ಟು ಶುಲ್ಕ 100 ಡಾಲರ್, ಕೇಳಬಹುದಾದ ಪರಿಹಾರ ಗರಿಷ್ಠ 30,000 ಡಾಲರ್. ಕೃತಿ ಅಲ್ಲಿ ನೋಂದಣಿಯಾಗಿರಬೇಕು ಅಥವಾ ಅರ್ಜಿ ಹಾಕಿರಬೇಕು. ಹೋಸ್ಟ್ ಮೇಲೆ ದೂರು ಹಾಕಬೇಕಾದರೆ ಮೊದಲು ಸರಿಯಾದ ನೋಟಿಸ್ ಕೊಟ್ಟು, ಅವರು ತ್ವರಿತವಾಗಿ ತೆಗೆಯದೆ ಇದ್ದಿರಬೇಕು. ಎದುರಾಳಿ 60 ದಿನದೊಳಗೆ ತಾನು ಬರುವುದಿಲ್ಲ ಅಂತ ಹೇಳಿ ಹೊರಗುಳಿಯಬಹುದು. ಅಮೆರಿಕದ ಹೊರಗಿರುವವರ ಮೇಲೆ ಇಲ್ಲಿ ದೂರು ಹಾಕಲು ಬರುವುದಿಲ್ಲ.

## ಕೌಂಟರ್ ನೋಟಿಸ್ ಬಂದರೆ

ಪುಟ ಇಳಿದ ಮೇಲೆ ಸೈಟಿನವರು "ಇದು ನಮ್ಮದೇ" ಅಂತ ಕೌಂಟರ್ ನೋಟಿಸ್ ಕೊಡಬಹುದು. ಡಿಎಂಸಿಎ ಪ್ರಕಾರ ನೀವು ಮೊಕದ್ದಮೆ ಹೂಡಿದ ಸುದ್ದಿ ತಲುಪದಿದ್ದರೆ ಹೋಸ್ಟ್ 10ರಿಂದ 14 ಕೆಲಸದ ದಿನಗಳಲ್ಲಿ ಪುಟ ವಾಪಸ್ ಹಾಕುತ್ತದೆ. ಇದು ಕಡೆಗಣಿಸಿದ್ದಲ್ಲ, ಕಾನೂನು ಪಾಲಿಸಿದ್ದು. ಇಲ್ಲಿ ಕ್ಯಾಲೆಂಡರ್ ಮುಖ್ಯ. ಕೌಂಟರ್ ನೋಟಿಸ್ ಬಂದ ದಿನವೇ ವಕೀಲರಿಗೆ ಫೋನ್ ಮಾಡಿ.

## ಈ ಗುರುತು ಕಂಡರೆ ಹಿಂದೆ ಸರಿಯಿರಿ

ತೆಗೆಯಲು ಹಣ ಕೊಡಿ ಅಂತ ಸೈಟಿನವರು ಕೇಳಿದರೆ ಕೊಡಬೇಡಿ. ಒಮ್ಮೆ ಕೊಟ್ಟರೆ ಅದೇ ಫೈಲ್ ಇನ್ನೊಂದು ಡೊಮೇನಿನಲ್ಲಿ ಬರುತ್ತದೆ. ಗುರುತಿನ ಚೀಟಿಯ ಪ್ರತಿ ಕಳಿಸಿ ಅಂದರೆ ಅದನ್ನು ಕೇಳುತ್ತಿರುವುದು ಹೋಸ್ಟೋ ಸೈಟಿನವರೋ ಅಂತ ಮೊದಲು ನೋಡಿ. ಕಾನೂನಿನ ಆರು ಅಂಶಗಳಲ್ಲಿ ಅದಿಲ್ಲ. "ಯಾವ ಸೈಟಿನಿಂದಲಾದರೂ ತೆಗೆಸುತ್ತೇವೆ, ಗ್ಯಾರಂಟಿ" ಅಂತ ಮುಂಗಡ ಕೇಳುವ ಸೇವೆಗಳಿಂದ ದೂರ ಇರಿ. ಕೆಲವರು ನಿಮ್ಮ ಹೆಸರಿನಲ್ಲಿ ಸುಳ್ಳು ದಾಖಲೆ ಹುಟ್ಟಿಸುತ್ತಾರೆ, ಸಹಿ ನಿಮ್ಮದಾಗಿರುತ್ತದೆ. ಸೈಟ್ ಮೇಲೆ ದಾಳಿ ಮಾಡಿಸುವ ಮಾತು ಯಾರಾದರೂ ಆಡಿದರೆ ಅಲ್ಲಿಗೇ ನಿಲ್ಲಿಸಿ. ಅದು ಅಪರಾಧ, ಮತ್ತು ಸಂತ್ರಸ್ತರಾಗಿದ್ದ ನೀವು ಆರೋಪಿಯಾಗುತ್ತೀರಿ.

## ಪುಟ ಇಳಿದ ಮೇಲೆ

ಲಿಂಕ್ ತೆರೆದು ಏನೂ ಕಾಣದಿದ್ದರೆ ತಕ್ಷಣ ಕಡತ ಮುಚ್ಚಬೇಡಿ. ಬೇರೆ ಬ್ರೌಸರ್‌ನಲ್ಲಿ, ಬೇರೆ ಇಂಟರ್ನೆಟ್ ಸಂಪರ್ಕದಲ್ಲಿ ನೋಡಿ. ಕೆಲವು ಸೈಟುಗಳು ದೂರು ಕೊಟ್ಟವರ ದೇಶಕ್ಕೆ ಮಾತ್ರ ಪುಟ ಮುಚ್ಚಿ ಮಿಕ್ಕವರಿಗೆ ತೋರಿಸುತ್ತವೆ. ಫೈಲಿನ ನೇರ ವಿಳಾಸವನ್ನೂ ತೆರೆದು ನೋಡಿ. ಸರ್ಚ್‌ನಲ್ಲಿ ಹಳೆಯ ಫಲಿತಾಂಶ ಉಳಿದಿದ್ದರೆ ಗೂಗಲ್‌ನ ಹಳೆಯ ಮಾಹಿತಿ ತಾಜಾ ಮಾಡಿಸುವ ಸಾಧನ ಬಳಸಿ. ನಿಮ್ಮ ಪಠ್ಯದ ಒಂದು ವಿಶಿಷ್ಟ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಫೋಟೋ ಆದರೆ ಚಿತ್ರದಿಂದಲೇ ಹುಡುಕಿ. ಇದನ್ನು 7ನೇ ದಿನ, 30ನೇ ದಿನ, 90ನೇ ದಿನ ಮಾಡಿ, ಸ್ಪ್ರೆಡ್‌ಶೀಟಿನ ಅದೇ ಸಾಲಿನ ಕೊನೆಗೆ ಬರೆದಿಡಿ. ಅದೇ ಹೋಸ್ಟ್‌ನಲ್ಲಿ ಅದೇ ವ್ಯಕ್ತಿ ಮತ್ತೆ ಹಾಕಿದರೆ ಹೊಸ ನೋಟಿಸ್‌ನಲ್ಲಿ ಹಳೆಯ ಟಿಕೆಟ್ ಸಂಖ್ಯೆಗಳನ್ನೆಲ್ಲ ಪಟ್ಟಿ ಮಾಡಿ. ಪದೇ ಪದೇ ಕದಿಯುವವರ ಖಾತೆ ಮುಚ್ಚುವ ನೀತಿ ಇರಬೇಕು, ಅದನ್ನು ಪಾಲಿಸಬೇಕು ಎಂಬುದು ಡಿಎಂಸಿಎ ರಕ್ಷಣೆಗೆ ಹಾಕಿರುವ ಷರತ್ತು. ಆ ಪಟ್ಟಿ ಎದುರಿಗಿದ್ದಾಗ ಹೋಸ್ಟ್‌ಗೆ ಗೊತ್ತಿಲ್ಲ ಅನ್ನಲು ಜಾಗ ಇರುವುದಿಲ್ಲ.